ಡೊಬ್ರಿಂಕಾ ಕೇಳಿದ ಸರಳ ಪುಟ

ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಸಾಯದವರಿಗೆ ಹೂ ಕೊಂಡೊಯ್ದವನು. ನೆಲಮಾಳಿಗೆಯ ಬಾಗಿಲಿಗೆ ಕಪ್ಪು ಅಂಚಿನ ಹಾಳೆ ಅಂಟಿಸಿದ್ದರು: ‘ದೀರ್ಘ ಕಾಯಿಲೆಯ ಬಳಿಕ, ಒಂಬತ್ತನೆಯ ವಯಸ್ಸಿಗೆ ನಮ್ಮನ್ನಗಲಿದ ನಮ್ಮ ಪುಟ್ಟ. ದುಃಖತಪ್ತ ಡೊಬ್ರಿಂಕಾ.’ ಡ್ಯಾನ್ಯೂಬ್ ನದಿ ದಡದ ನಮ್ಮ ರೂಸೆ ಊರಿನಲ್ಲಿ ಎರಡು ಕಂಬಕ್ಕೊಂದರಂತೆ ಇಂಥ ಸಾವಿನ ಹಾಳೆಗಳಿರುತ್ತವೆ, ನಾನು ಅನುಮಾನಿಸಲಿಲ್ಲ. ಸಾವಿಗೆ ಒಯ್ಯಬೇಕಾದಂತೆ ಸಮಸಂಖ್ಯೆಯ ಬಿಳಿ ಹೂ ತಂದು, ತಲೆ ತಗ್ಗಿಸಿ, “ಮಗುವಿನ ಆತ್ಮಕ್ಕೆ ಶಾಂತಿ ಸಿಗಲಿ ಅಕ್ಕಾ” ಅಂದೆ.

“ಅದು ಬ್ರೌಸರ್ ಕಣೋ,” ಅಂದರು ಡೊಬ್ರಿಂಕಾ. “ಮೇಲಿನ ಮಹಡಿಯ ಕಪಿಗಳು ತಮಾಷೆಗೆ ಅಂಟಿಸಿದ್ದು. ಅದಿನ್ನೂ ಉಸಿರಾಡ್ತಿದೆ. ಬಾ, ಮುಖ ನೋಡಿ ಹೋಗು.”

ನಮ್ಮದು ಬ್ರೌಸರ್‌ನಲ್ಲೇ ತೆರೆಯುವ ಇಮೇಲ್ ನಡೆಸುವ ಸಣ್ಣ ಕಂಪನಿ. ನೆಲಮಾಳಿಗೆಯಲ್ಲಿ ಹನ್ನೊಂದು ಹಳೆಯ ಕಂಪ್ಯೂಟರ್‌ಗಳಿದ್ದವು, ಒಂದೊಂದರಲ್ಲಿ ಒಂದೊಂದು ಹಳೆಯ ಬ್ರೌಸರ್, ಒಂದೊಂದರ ಮೇಲೂ ಡೊಬ್ರಿಂಕಾ ಹೆಣೆದ ಕಸೂತಿ ಹೊದಿಕೆ. ನಾವು ಮೇಲೆ ಏನು ಬದಲಿಸಿದರೂ ಅವರು ಹನ್ನೊಂದರಲ್ಲೂ ತೆರೆದು ನೋಡಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಮೇಲೆಯೇ ಅದು ಹೊರಗೆ ಹೋಗುತ್ತಿತ್ತು. ಮೊದಲು ಅವರು ಹಡಗುಕಟ್ಟೆಯಲ್ಲಿ ಬೆಸುಗೆ ಪರೀಕ್ಷಿಸುತ್ತಿದ್ದವರು. “ಅಲ್ಲಿ ಬೆಸುಗೆ ಬಿಟ್ರೆ ಯಾರನ್ನಾದ್ರೂ ಜೈಲಿಗೆ ಹಾಕ್ತಿದ್ರು,” ಎನ್ನುತ್ತಿದ್ದರು. “ಇಲ್ಲಿ ಬಿಟ್ರೆ ನೀವು ‘ಕ್ಷಮಿಸಿ’ ಅಂತ ಬರೆದು ಊಟಕ್ಕೆ ಹೋಗ್ತೀರಿ.”

ಹಳೆಯ ಯಂತ್ರ ಇಟ್ಟುಕೊಂಡವರು ದೂರು ಬರೆಯುತ್ತಿದ್ದದ್ದೂ ಅವರಿಗೇ. ಡ್ಯಾನ್ಯೂಬ್‌ನಲ್ಲಿ ಹೂಳೆತ್ತುವ ದೋಣಿಯ ಅಡುಗೆಯವನು ಮೆತೋದಿ, ಒಂದೇ ಕಂಪ್ಯೂಟರಿನ ಹಳ್ಳಿ ಗ್ರಂಥಾಲಯದವರು, ಇನ್ನೂ ಯಾರ್ಯಾರೋ. ಯಾರ ಬಳಿ ಯಾವ ಬ್ರೌಸರ್ ಇದೆ, ಯಾರಿಗೆ ಮಂಡಿನೋವು, ಎರಡೂ ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ವೆಬ್‌ಗೆ ಹೊಸ ಮಾನದಂಡ ಬಂತು. ಇನ್ನು ಎಲ್ಲ ಬ್ರೌಸರ್‌ಗಳೂ ಒಂದೇ ರೀತಿ ನಡೆದುಕೊಳ್ಳಬೇಕು. ಚಿತ್ರವನ್ನು ಎಳೆದು ಪತ್ರದ ಮೇಲೆ ಬಿಟ್ಟರೆ ಅಂಟಿಕೊಳ್ಳಬೇಕು. ಸಂಪರ್ಕ ಕಡಿದರೂ ಪತ್ರಗಳು ಓದಲು ಸಿಗಬೇಕು. ಅದರ ಕರಡನ್ನು ನಾನು ಟ್ರಾಲಿಬಸ್ಸಿನಲ್ಲಿ ನಿಂತು ಓದುತ್ತಿದ್ದೆ. ಪ್ರೇಮಪತ್ರವನ್ನೂ ಯಾರೂ ಹಾಗೆ ಓದಲಿಕ್ಕಿಲ್ಲ. ನನಗೆ ಒಂದಾದರೂ ಬಂದಿದ್ದರೆ ಖಚಿತವಾಗಿ ಹೇಳಬಹುದಿತ್ತು. ಅದರಂತೆ ನಮ್ಮ ಇಮೇಲಿನ ಇಡೀ ಅಂಚೆಪೆಟ್ಟಿಗೆಯನ್ನು ಹೊಸದಾಗಿ ಬರೆದೆ. ಸೋಫಿಯಾದ ಸಮ್ಮೇಳನದಲ್ಲಿ ಅದರ ಬಗ್ಗೆ ಭಾಷಣ ಮಾಡಲು ಕರೆಯೂ ಬಂತು. ಕನ್ನಡಿಯ ಮುಂದೆ ಅಭ್ಯಾಸ ಶುರುಮಾಡಿದೆ.

ಡೊಬ್ರಿಂಕಾ ಒಂದೇ ಒಂದು ಕೇಳಿದರು. “ಯಾಸೆನ್, ನಿನ್ನ ಹೊಸದು ಚೆನ್ನಾಗಿದೆ, ನನ್ನ ಹನ್ನೊಂದರಲ್ಲಿ ಒಂಬತ್ತರಲ್ಲಿ ತೆರೆಯಲ್ಲ. ಪಕ್ಕದಲ್ಲಿ ಒಂದು ಸರಳ ಪುಟ ಇಡು. ಎಳೆಯೋದು ಬಿಡೋದು ಏನೂ ಬೇಡ. ಅಕ್ಷರ ಕಾಣ್ಲಿ, ಉತ್ತರಿಸೋಕೆ ಒಂದು ಗುಂಡಿ ಇರ್ಲಿ.”

ಎರಡು ದಿನದ ಕೆಲಸ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಸಭೆಯಲ್ಲಿ ಯಜಮಾನ ಗಲಬಿನ್ ಚೀಸ್ ತುಂಬಿದ ಬಾನಿತ್ಸಾ ಅಗಿಯುತ್ತಾ ಕೇಳಿದ: “ಸರಳ ಪುಟ ಇಡೋದು ಕಷ್ಟಾನಾ?”

ಆ ಪುಟ ಇಡುವುದೆಂದರೆ ಹೊಸ ಸೂಟಿನ ಮೊಣಕಾಲಿಗೆ ತೇಪೆ ಹಾಕಿಕೊಂಡು ವೇದಿಕೆ ಹತ್ತಿದಂತೆ ಕಂಡಿತು ನನಗೆ. “ಕಷ್ಟ,” ಅಂದೆ. “ಒಂದೆರಡು ತಿಂಗಳು ಹಿಡಿಯುತ್ತೆ.”

ಡೊಬ್ರಿಂಕಾ ನನ್ನನ್ನು ನೋಡಿದರು, ಬೆಸುಗೆಯ ಸಂದನ್ನು ನೋಡುವ ಹಾಗೆ.

ಹೊಸ ಅಂಚೆಪೆಟ್ಟಿಗೆ ತೆರೆದ ದಿನ ಹಳೆಯ ಬ್ರೌಸರ್‌ನವರಿಗೆ ಕಂಡದ್ದು ನಾನೇ ಬರೆದ ಒಂದು ವಾಕ್ಯ: ‘ನಿಮ್ಮ ಬ್ರೌಸರ್ ತುಂಬಾ ಹಳೆಯದು.’ ಪಕ್ಕದಲ್ಲಿ ನಗುವ ಮುಖವೊಂದನ್ನೂ ಹಾಕಿದ್ದೆ. ಮೆತೋದಿ ನದಿಯಿಂದ ಫೋನ್ ಮಾಡಿದ. ಡೊಬ್ರಿಂಕಾ ಅವನ ಗುಪ್ತಪದ ಕೇಳಿ ಬರೆದುಕೊಂಡು, ಮೇಲೆ ನನ್ನ ಪಕ್ಕದ ಹೊಸ ಯಂತ್ರದಲ್ಲಿ ಕುಳಿತು, ಅವನ ಪತ್ರಗಳನ್ನು ಫೋನಿನಲ್ಲಿ ಓದಿ ಹೇಳತೊಡಗಿದರು. “ನಿನ್ನ ತಂಗಿ ಬರೆದಿದಾಳೆ, ಗಂಡನ ಜೊತೆ ಜಗಳವಂತೆ. ಓದ್ಲಾ, ಬೇಡ್ವಾ?” ರಜೆಯ ವಿಷಯ ಏನಾದರೂ ಬಂದಿದೆಯಾ ಎಂದು ಮೆತೋದಿ ಕೇಳಿದ. “ಸರಿ, ಬಿಟ್ಟೆ. ಮುಂದಿನದು ದೋಣಿಯ ರಜೆ ಪಟ್ಟಿ.” ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ.

ಆರು ವಾರ ಹೀಗೆ ನಡೆಯಿತು. ಹಳೆಯ ಬ್ರೌಸರ್‌ನ ಉಳಿದವರು ಆಗಲೇ ನಮ್ಮನ್ನು ಬಿಟ್ಟುಹೋಗಿದ್ದರು, ಆಮೇಲೆ ಮೆತೋದಿಯೂ ಕರೆ ಮಾಡುವುದನ್ನು ಬಿಟ್ಟ. ತನ್ನ ಮನೆಯ ಮಾತನ್ನು ಇನ್ನೊಬ್ಬರ ಬಾಯಲ್ಲಿ ಎಷ್ಟೆಂದು ಕೇಳಿಯಾನು. ಪರೀಕ್ಷಿಸಲು ಏನೂ ಉಳಿದಿಲ್ಲವೆಂದು ಗಲಬಿನ್ ಹನ್ನೊಂದು ಯಂತ್ರಗಳನ್ನು ಗುಜರಿಗೆ ಕಳಿಸಿದ, ಡೊಬ್ರಿಂಕಾರನ್ನು ಮನೆಗೆ ಕಳಿಸಿದ. ಕಸೂತಿ ಹೊದಿಕೆಗಳನ್ನು ಅವರು ಮಡಚಿ ಚೀಲಕ್ಕೆ ಹಾಕಿಕೊಳ್ಳುವಾಗ ನಾನು ಸೋಫಿಯಾದಲ್ಲಿದ್ದೆ. ಭಾಷಣಕ್ಕೆ ಚಪ್ಪಾಳೆ ಬಂತು. ಊಟದ ಹೊತ್ತಿಗೆ ನನ್ನ ಹೆಸರು ಯಾರಿಗೂ ನೆನಪಿರಲಿಲ್ಲ.

ಒಂದು ವರ್ಷದ ಮೇಲೆ, ಕಳೆದ ಗುರುವಾರ, ರೈಲು ನಿಲ್ದಾಣದ ರಸ್ತೆಯಲ್ಲಿ ಸಿಕ್ಕರು. ಕೈಯಲ್ಲಿ ಕೆಂಪು ಮೆಣಸಿನಕಾಯಿಯ ಚೀಲ. ಈಗ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳ ಹೊಲಿಗೆ ನೋಡುತ್ತಾರಂತೆ. ಹವಾಮಾನದ ಬಗ್ಗೆ ಎರಡು ಮಾತಾಡಿದೆವು. ವರ್ಷದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿಯೇ ಬಿಟ್ಟೆ. “ಅಕ್ಕಾ, ನಾನು ಆ ಎರಡು ದಿನ ಕೊಟ್ಟು ಸರಳ ಪುಟ ಇಟ್ಟಿದ್ರೆ, ನಿಮ್ಮ ಕೆಲಸ ಉಳೀತಿತ್ತಾ?”

“ಇಲ್ಲ,” ಅಂದರು. “ನನ್ನನ್ನ ಹೇಗಿದ್ರೂ ತೆಗೀತಿದ್ರು. ಆದ್ರೆ ನಿನ್ನ ಕಂಡಾಗೆಲ್ಲ ನಾನು ರಸ್ತೆ ದಾಟಿ ಆ ಕಡೆ ಹೋಗ್ತಿರ್ಲಿಲ್ಲ. ಇವತ್ತು ಸಿಗ್ನಲ್ ಕೆಂಪಿತ್ತು, ಅದಕ್ಕೆ ಸಿಕ್ಕಿಹಾಕ್ಕೊಂಡೆ.”