ಕಿಟಕಿ ಪಕ್ಕದ ಟೇಬಲ್

ನನ್ನ ಮಗಳು ಓದಿದ್ದರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಬಾಯಿ ಒಣಗುತ್ತದೆ. ಅಂತರರಾಷ್ಟ್ರೀಯ ಆತಿಥ್ಯ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ! ನನ್ನ ಹೊಲಿಗೆ ಅಂಗಡಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಬಂದ ಹೆಂಗಸರಲ್ಲಿ ಒಬ್ಬಳಾದರೂ ಕಿಸಕ್ಕನೆ ನಗುತ್ತಿದ್ದಳು. ನನ್ನ ನಾದಿನಿಯಂತೂ ಎಲ್ಲರೆದುರೇ ಕೇಳಿದಳು, "ಎಂಜಲು ತಟ್ಟೆ ಎತ್ತೋಕೂ ಎರಡು ವರ್ಷ ಓದ್ಬೇಕಾ ಅತ್ತಿಗೆ?"

"ನಿನ್ ತಟ್ಟೆ ಎತ್ತೋಕಾದ್ರೆ ನಾಲ್ಕು ವರ್ಷ ಓದಿದ್ರೂ ಸಾಲದು," ಎಂದೆ. ಅವಳು ಅಳತೆ ಕೊಡದೇ ಹೊರಟುಹೋದಳು. ಹೋಗಲಿ ಬಿಡಿ.

ಕೋಪ ನಮ್ಮ ಮನೆಗೆ ನನ್ನ ಕಡೆಯಿಂದ ಬಂದ ಆಸ್ತಿ. ಮಗಳ ಅಪ್ಪ ಬಸ್ ಓಡಿಸುವವರು. ದಿನವಿಡೀ ಹಾರನ್ ಕೇಳಿ ಕೇಳಿ, ಮನೆಗೆ ಬಂದರೆ ತುಟಿ ಬಿಚ್ಚುವುದಿಲ್ಲ. ಮಗಳು ಮಾತ್ರ ನನ್ನ ಪಡಿಯಚ್ಚು. ಚಿಕ್ಕಂದಿನಿಂದಲೂ ನಾನು ಒಂದೆಂದರೆ ಅವಳು ಹತ್ತು. ಅದಕ್ಕೇ ಅವಳಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟೆ. ನಾವಿಬ್ಬರೂ ಕೂಗಾಡಲು ಶುರುಮಾಡಿದರೆ ಪಕ್ಕದ ಮನೆಯವರು ಟಿವಿ ಸದ್ದು ಕಡಿಮೆ ಮಾಡುತ್ತಿದ್ದರು, ಸರಿಯಾಗಿ ಕೇಳಿಸಲಿ ಅಂತ.

ಆ ಓದಿಗೆ ಸೇರಿದ ಮೇಲೆ ಅವಳ ಖಾರ ಇಳಿಯತೊಡಗಿತು. ಒಂದು ದಿನ, ನಾನು ಇಸ್ತ್ರಿ ಮಾಡಿಟ್ಟಿದ್ದ ಗಿರಾಕಿಗಳ ಬಟ್ಟೆಯ ಮೇಲೆ ಒದ್ದೆ ಟವೆಲ್ ಎಸೆದು ಹೋಗಿದ್ದಳು. ಕರೆದು ಬೈಯತೊಡಗಿದೆ. ಅವಳು ಕೈಗಳನ್ನು ಮುಂದೆ ಕಟ್ಟಿಕೊಂಡು, ತಲೆಯನ್ನು ಒಂದಿಷ್ಟು ವಾಲಿಸಿ, ನಾನು ಮುಗಿಸುವ ತನಕ ಕೇಳಿಸಿಕೊಂಡಳು. ಆಮೇಲೆ, "ನಿಮಗೆ ಬೇಜಾರಾಗಿರೋದು ನನಗೆ ಅರ್ಥ ಆಗುತ್ತೆ. ಈಗಲೇ ಸರಿ ಮಾಡ್ತೀನಿ," ಎಂದಳು. ಜೊತೆಗೊಂದು ನಗು. ಎಂಥ ನಗು ಅಂತೀರಿ! ಬಟ್ಟೆ ಅಂಗಡಿಯ ಬೊಂಬೆ ನಗುವುದಿಲ್ಲವೇ, ಅಂಥದ್ದು.

"ಏನೇ ಬಂತು ನಿನಗೆ? ಬೈದ್ರೆ ತಿರುಗಿ ಬೈಯೇ!"

"ಪ್ರಾಕ್ಟೀಸ್ ಮಾಡ್ತಿದೀನಿ ಕಣಮ್ಮ. ಗೆಸ್ಟ್ ಎಷ್ಟೇ ಬೈದ್ರೂ ಮುಖ ಕೆಡಬಾರದು. ಅದಕ್ಕೂ ಮಾರ್ಕ್ಸ್ ಇದೆ."

ನನ್ನ ಮೈಯೆಲ್ಲ ಉರಿದುಹೋಯಿತು. ಯಾರು ಮುಖಕ್ಕೆ ಉಗಿದರೂ ಒರೆಸಿಕೊಂಡು ನಗುವುದನ್ನು ಕಲಿಸಲು ಒಂದು ಕಾಲೇಜಂತೆ, ಅದಕ್ಕೊಂದು ಪದವಿಯಂತೆ! ನಾನು ಇಷ್ಟು ಖಾರ ಹಾಕಿ ಬೆಳೆಸಿದ ಹುಡುಗಿಯನ್ನು ಇವರು ತೊಳೆದು ಸಪ್ಪೆ ಮಾಡಿ ಕಳಿಸುತ್ತಾರಲ್ಲ ಎಂಬುದೇ ನನ್ನ ಸಿಟ್ಟು, ನನ್ನ ಭಯ ಎರಡೂ. ಅವಳಿಗೋ ಒಂದೇ ಗುರಿ. ಕೊನೆಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದವರಿಗೆ ಹೊರದೇಶದ ದೊಡ್ಡ ಹೋಟೆಲೊಂದರಲ್ಲಿ ಕೆಲಸವಿತ್ತು. ಅದು ಸಿಗುವುದಾದರೆ ಎಷ್ಟು ನಗು ಬೇಕಾದರೂ ನಗಲು ಅವಳು ತಯಾರಿದ್ದಳು.

ಆ ಪರೀಕ್ಷೆ ಪೆನ್ನು ಹಿಡಿದು ಬರೆಯುವಂಥದ್ದಲ್ಲ. ಕಾಲೇಜಿನದೇ ಒಂದು ರೆಸ್ಟೋರೆಂಟಿದೆ. ಒಬ್ಬೊಬ್ಬ ವಿದ್ಯಾರ್ಥಿಯೂ ಒಂದು ಮಧ್ಯಾಹ್ನದ ಊಟ ಪೂರ್ತಿ ಅದನ್ನು ಮ್ಯಾನೇಜರಾಗಿ ನಡೆಸಬೇಕು. ಯಾರನ್ನು ಎಲ್ಲಿ ಕೂರಿಸಬೇಕು ಎಂಬುದರಿಂದ ಹಿಡಿದು ಎಲ್ಲವೂ ಅವರದೇ ತೀರ್ಮಾನ. ಮನೆಯವರೊಬ್ಬರನ್ನು ಊಟಕ್ಕೆ ಕರೆಯಬಹುದು. ಅವಳ ಸರದಿಯ ದಿನ ನಾನು ಹೋದೆ.

ಅವಳ ಕಪ್ಪು ಕೋಟು ನಾನೇ ಹೊಲಿದದ್ದು. ಭುಜ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನ್ನ ದೃಷ್ಟಿಯೇ ತಾಗೀತೆಂದು ಬೇರೆ ಕಡೆ ನೋಡಿದೆ. ಬಾಗಿಲಲ್ಲಿ ಎದುರುಗೊಂಡು, ಕಿಟಕಿ ಪಕ್ಕದ ಟೇಬಲ್ಲಿಗೆ ಕರೆದೊಯ್ದು ಕುರ್ಚಿ ಎಳೆದಳು. ಬಿಳೀ ಮೇಜುಬಟ್ಟೆ, ಹೊಳೆಯುವ ಚಮಚಗಳು, ಹೊರಗೆ ಹುಲ್ಲುಹಾಸು. ನನ್ನ ಜನ್ಮದಲ್ಲಿ ಯಾರೂ ನನಗೆ ಕುರ್ಚಿ ಎಳೆದುಕೊಟ್ಟಿರಲಿಲ್ಲ.

ಸೂಪು ಬಂತು. ಇನ್ನೂ ಬಾಯಿಗಿಡುತ್ತಿದ್ದೆ, ಬಾಗಿಲಲ್ಲಿ ಗಡಿಬಿಡಿ. ಅವಳ ವಿಭಾಗದ ಮುಖ್ಯಸ್ಥರು ದಪ್ಪ ವಾಚಿನ ಮನುಷ್ಯನೊಬ್ಬನನ್ನು ಕರೆತಂದಿದ್ದರು. ಅವನೇ ಆ ಹೊರದೇಶದ ಹೋಟೆಲಿನ ಮಾಲೀಕ ಎಂದು ನೀರು ಹಾಕುತ್ತಿದ್ದ ಹುಡುಗಿ ಪಿಸುಗುಟ್ಟಿದಳು. ಆತ ಸುತ್ತ ಒಮ್ಮೆ ನೋಡಿ ಬೆರಳು ತೋರಿಸಿದ, ನೇರ ನನ್ನ ಟೇಬಲ್ಲಿಗೆ.

ಮುಖ್ಯಸ್ಥರು ನನ್ನ ಬೆನ್ನ ಹಿಂದಿನ ಕಂಬದ ಬಳಿ ಮಗಳನ್ನು ಕರೆದರು. ನನ್ನ ಕಿವಿ ಚುರುಕು.

"ನಿಮ್ಮಮ್ಮನ್ನ ಅಡುಗೆಮನೆ ಬಾಗಿಲ ಹತ್ರ ಕೂರಿಸು. ಬೇಗ."

"ಸರ್, ಕೂತಿರೋ ಗೆಸ್ಟನ್ನ ಎಬ್ಬಿಸಬಾರದು ಅಂತ ನೀವೇ ಹೇಳಿಕೊಟ್ಟಿದ್ದು."

"ಅದು ಪಾಠ. ಅಲ್ಲದೆ ನಿಮ್ಮಮ್ಮ ಗೆಸ್ಟ್ ಹೇಗಾಗ್ತಾರೆ? ಮನೆಯವರು ತಾನೆ? ಹೇಳಿದ್ರೆ ಅರ್ಥ ಮಾಡ್ಕೋತಾರೆ. ನಿನ್ನ ಕೆಲಸ ಈ ಮಾಲೀಕರ ಕೈಯಲ್ಲಿದೆ, ನೆನಪಿರಲಿ."

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಸೂಪನ್ನು ಬಟ್ಟಲು ಸಮೇತ ಆ ಮುಖ್ಯಸ್ಥರ ಬೋಳುತಲೆಯ ಮೇಲೆ ಸುರಿಯಬೇಕೆನಿಸಿತು. ಆದರೆ ನಾನು ಮಾಡಿದ್ದೇನು ಗೊತ್ತೇ? ಚೀಲವನ್ನು ಹೆಗಲಿಗೆ ಹಾಕಿ, ಬಟ್ಟಲನ್ನು ಎತ್ತಿಕೊಂಡು ಎದ್ದು ನಿಂತೆ. ಮಗಳ ಕೆಲಸ ತಪ್ಪೀತೆಂಬ ಭಯಕ್ಕೆ ಹಲ್ಲನ್ನೂ ಕಿರಿದೆ. "ಪರವಾಗಿಲ್ಲ, ಪರವಾಗಿಲ್ಲ, ನಾನು ಅಲ್ಲೇ ಕೂತ್ಕೋತೀನಿ," ಎಂದೆ.

ಮಗಳು ಬಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು. "ಮೇಡಂ, ದಯವಿಟ್ಟು ಕೂತ್ಕೊಳ್ಳಿ. ಸೂಪ್ ಆರಿದೆ, ಬಿಸಿಯಾಗಿ ಬೇರೆ ತರಿಸ್ತೀನಿ." ಹೇಳುತ್ತಲೇ ಕುರ್ಚಿಯನ್ನು ನನ್ನ ಮೊಣಕಾಲ ಹಿಂದಕ್ಕೆ ತಾಗುವಂತೆ ತಳ್ಳಿದಳು. ಕೂರದೆ ಗತಿಯಿರಲಿಲ್ಲ. ಆಮೇಲೆ ಆ ಮಾಲೀಕನ ಮುಂದೆ ಹೋಗಿ, ಕೈಗಳನ್ನು ಮುಂದೆ ಕಟ್ಟಿ, ತಲೆಯನ್ನು ಒಂದಿಷ್ಟು ವಾಲಿಸಿ ನಿಂತಳು.

"ಸರ್, ಆ ಟೇಬಲ್ಲಲ್ಲಿ ನಮ್ಮ ಗೆಸ್ಟ್ ಇದ್ದಾರೆ. ನಿಮಗೆ ನಡುವಿನ ಟೇಬಲ್ ರೆಡಿ ಮಾಡಿಸ್ತೀನಿ. ನಿಲ್ಲಿಸಿದ್ದಕ್ಕೆ ಕ್ಷಮಿಸಿ."

ಅದೇ ಬೊಂಬೆ ನಗು. ಮುಖ ಒಂದಿಷ್ಟೂ ಕೆಡಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು. ಸಿಟ್ಟು ನೆತ್ತಿಗೇರಿದಾಗ ಮಗುವಾಗಿದ್ದಾಗಲೂ ಅವಳ ಕಿವಿ ಹಾಗೇ ಆಗುತ್ತಿತ್ತು. ಮಾಲೀಕ ವಾಚು ನೋಡಿಕೊಂಡು ಊಟ ಮಾಡದೆ ಹೊರಟ. ಮುಖ್ಯಸ್ಥರು ಅವನ ಹಿಂದೆಯೇ ಓಡಿದರು. ಕೆಲಸ ಹೋಯಿತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಅವಳು ಕೊನೆಯವರು ಎದ್ದು ಹೋಗುವವರೆಗೂ ನಗುತ್ತಲೇ ಓಡಾಡಿದಳು.

ಮನೆ ಬಾಗಿಲು ಹಾಕಿದ್ದೇ ತಡ, ಕೋಟು ಬಿಚ್ಚಿ ನೆಲಕ್ಕೆಸೆದಳು.

"ಯಾಕೆ ಎದ್ದೆ?"

"ನಿನ್ ಕೆಲಸ ಹೋಗುತ್ತಲ್ಲ ಅಂತ..."

"ನನ್ ಕೆಲಸ ಜನರನ್ನ ಕೂರಿಸೋದು! ನಾನು ಕೂರಿಸಿದ ಜಾಗ ಬಿಟ್ಟು ಏಳೋಕೆ ನಿನಗೆ ಹೇಳ್ದೋರ್ಯಾರು? ನಾನಿನ್ನೂ ಬಾಯಿ ತೆಗೆದಿಲ್ಲ, ನೀನು ಬಟ್ಟಲು ಹಿಡ್ಕೊಂಡು ನಿಂತಿದೀಯ! ಮನೇಲಿ ಹುಲಿ, ಬೀದೀಲಿ ಇಲಿ! ನಾನು ಸಪ್ಪೆ ಆದೆ ಅಂತ ಬೈತಿದ್ಯಲ್ಲ, ಯಾರಮ್ಮ ಸಪ್ಪೆ? ಒಂದೇ ಒಂದು ದಿನ ನಿನಗೆ ಕುರ್ಚಿ ಎಳೆದುಕೊಟ್ಟೆ. ಅವತ್ತೂ ನೀನು ಕೂರಲಿಲ್ಲ."

ಪಕ್ಕದ ಮನೆಯ ಟಿವಿ ಸದ್ದು ಇಳಿಯಿತು. ಅವಳ ಅಪ್ಪ ಎದ್ದು ಬಂದು ಕೋಟನ್ನು ಕೊಡವಿ ಗೂಟಕ್ಕೆ ಹಾಕಿದರು.

ಆ ಕೆಲಸ ಅವಳ ಜೊತೆಯವನೊಬ್ಬನಿಗೆ ಸಿಕ್ಕಿತು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನನ್ನ ಮೆಣಸಿನಕಾಯಿ ಈಗ ಬಸ್ ನಿಲ್ದಾಣದ ಎದುರಿನ ಸಣ್ಣ ಹೋಟೆಲಿನಲ್ಲಿ ಮ್ಯಾನೇಜರ್. ನಾನು ಆಗಾಗ ಅಲ್ಲಿಗೆ ಹೋಗಿ ಕಿಟಕಿ ಪಕ್ಕವೇ ಕೂರುತ್ತೇನೆ. ಯಾರಾದರೂ ಬಂದು, ಈ ಹೆಂಗಸು ಯಾವಾಗ ಏಳುತ್ತಾಳೋ ಎನ್ನುವ ಹಾಗೆ ನೋಡಿದರೆ ಇನ್ನೊಂದು ಕಾಫಿ ಹೇಳುತ್ತೇನೆ.