ಮೂರನೇ ಡಬ್ಬಿಯ ಚಿಟ್ಟೆಗಳು

ಕಂಡ ಕೂಡಲೇ ಬೆಲೆ ಕಟ್ಟುವುದು ಬಟ್ಟೆ ವ್ಯಾಪಾರಿಯ ಚಟ. ಈ ಹುಡುಗಿಯ ಎತ್ತರ ಐದಡಿ, ಮೈ ಒಣಕಲು, ಬಣ್ಣ ಬಿಸಿಲಿಗೆ ಮಾಸಿದೆ. ನೇಯ್ಗೆ ಮಾತ್ರ ಗಟ್ಟಿ. ಎಳೆದರೆ ಎಳೆದವನ ಕೈಯೇ ನೋಯುತ್ತದೆ. ಇಷ್ಟು ತಿಳಿಯಲು ಅವಳ ಸೋದರಮಾವನಿಗೆ, ಅಂದರೆ ಇದನ್ನು ಬರೆಯುತ್ತಿರುವ ಅಂಗಡಿಯವನಿಗೆ, ಒಂದಿಡೀ ಬೇಸಿಗೆ ಬೇಕಾಯಿತು.

ಆ ಬೇಸಿಗೆ ಅವಳು ದಿನಾ ಬಲೆ ಹಿಡಿದು ಗುಡ್ಡ ಹತ್ತಿದಳು. ತಪ್ಪಲಲ್ಲಿ ಹಳದಿ ಚಿಟ್ಟೆ, ನೆತ್ತಿಯಲ್ಲಿ ಕಂದು ಚಿಟ್ಟೆ. ವರ್ಷವರ್ಷಕ್ಕೆ ಏರುವ ಸೆಕೆ ತಾಳದೆ ಹಳದಿಯವು ಮೇಲೇರಿ, ಕಂದಿನವುಗಳ ಜೊತೆ ಕೂಡಿ, ಬೆರಕೆ ಸಂತಾನ ಹುಟ್ಟುತ್ತಿದೆ ಎಂಬುದು ಅವಳ ಅನುಮಾನ. ಇಪ್ಪತ್ತು ವರ್ಷದ ಹಿಂದೆ ಯಾರೋ ಮಾಡಿದ್ದ ಈ ಗುಡ್ಡದ ಚಿಟ್ಟೆಗಳ ಪಟ್ಟಿಯಲ್ಲಿ ಬೆರಕೆಯ ಸುದ್ದಿಯೇ ಇರಲಿಲ್ಲ. ರಜೆ ಮುಗಿದ ಸೋಮವಾರ ಕಾಲೇಜಿನ ಗುರುಗಳಿಗೆ ಅದನ್ನು ತೋರಿಸಿದರೆ ಮುಂದಿನ ಓದಿಗೆ ಸೀಟು. ಇಲ್ಲದಿದ್ದರೆ ಮಾವನ ಗಲ್ಲಾದ ಪಕ್ಕದ ಕುರ್ಚಿ.

ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಬಟ್ಟೆ ಕತ್ತರಿಸುವ ಉದ್ದ ಮೇಜು ಅವಳ ಪಾಲಾಯಿತು. ರೆಕ್ಕೆ ಹಾರೀತೆಂದು ಫ್ಯಾನೂ ಬಂದ್. ಮೇಜಿನ ಮೇಲೆ ಮೂರು ಡಬ್ಬಿ: ಹಳದಿಗೊಂದು, ಕಂದಿಗೊಂದು, ನಲವತ್ತೊಂದು ಎಡಬಿಡಂಗಿ ಬೆರಕೆಗಳಿಗೊಂದು. ಪ್ರತಿ ಚಿಟ್ಟೆಯೂ ಒಂದು ಕಾಗದದ ಪೊಟ್ಟಣದಲ್ಲಿ. ಮೇಲೆ ತಾರೀಕು, ಸಿಕ್ಕ ಎತ್ತರ, ಅಷ್ಟೇ.

ಶುಕ್ರವಾರ ಅವಳು ಊಟಕ್ಕೆ ಹೋದಾಗ ಮಾವನಿಗೆ ಉಪಕಾರಬುದ್ಧಿ ಹುಟ್ಟಿತು. ಯಾವ ಗುಂಪಿಗೂ ಸೇರದ ಮಾಲನ್ನು ಅವನ ಕಣ್ಣು ಸಹಿಸದು. ಪೊಟ್ಟಣ ಬಿಚ್ಚಿ ನೋಡಿ, ಹಳದಿ ಹೆಚ್ಚಿದ್ದನ್ನು ಹಳದಿಗೆ, ಕಂದು ಹೆಚ್ಚಿದ್ದನ್ನು ಕಂದಿಗೆ ಸೇರಿಸಿ, ಖಾಲಿಯಾದ ಡಬ್ಬಿಗೆ ಅಂಗಿಗುಂಡಿ ತುಂಬಿಸಿ, ಶಹಬ್ಬಾಸ್‌ಗಿರಿಗೆ ಕಾದು ಕುಳಿತ.

"ಮಾವ, ಮೂರನೇ ಡಬ್ಬಿ ಎಲ್ಲಿ?"

"ವಿಂಗಡಿಸಿದೆ ಕಣೇ. ಇರೋದು ಎರಡೇ ಥರ. ನೀನು ಸುಮ್ನೆ ಮೂರು ಮಾಡ್ಕೊಂಡಿದ್ದೆ."

ಅವಳು ಸ್ಟೂಲು ಎಳೆದು ಕುಳಿತಳು. "ನನ್ನ ಇಡೀ ಬೇಸಿಗೆ ಆ ಡಬ್ಬೀಲಿತ್ತು ಮಾವ." ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಗುಂಡಿ ಚೆನ್ನಾಗಿ ಜೋಡಿಸಿದೀರ" ಎಂದಳು.

ಎರಡು ದಿನ ಅಂಗಡಿ ಮುಚ್ಚಿ, ಮುನ್ನೂರು ಚಿಲ್ಲರೆ ಪೊಟ್ಟಣಗಳನ್ನು ಮತ್ತೆ ಭೂತಗನ್ನಡಿಯಡಿ ಹಿಡಿದರು. ಮಾವ ಬಾಯಿ ತೆರೆದಾಗಲೆಲ್ಲ ಅವಳದು ಒಂದೇ ಮಾತು: "ಪೊಟ್ಟಣ ಕೊಡಿ ಸಾಕು, ಅಭಿಪ್ರಾಯ ಬೇಡ." ಮೂವತ್ತೆಂಟು ಸಿಕ್ಕವು. ಉಳಿದ ಮೂರನ್ನು ಮಾವ ಬಟ್ಟೆಯ ಹಾಗೆ ಬೆರಳಲ್ಲಿ ಉಜ್ಜಿ ನೋಡಿದ್ದ. ರೆಕ್ಕೆಯ ಬಣ್ಣ ಪುಡಿಯಾಗಿ ಹೋಗಿತ್ತು.

"ಈ ಮೂರು ಏನಾಯ್ತಮ್ಮ?" ಎಂದರು ಗುರುಗಳು, ಸೋಮವಾರ.

"ನನ್ನ ಕೈತಪ್ಪು ಸರ್."

ಗಿರಾಕಿಯೆದುರು ಗಂಟೆಗಟ್ಟಲೆ ಹರಟುವ ಮಾವ ಬಾಗಿಲ ಬಳಿ ಡಬ್ಬಿ ಹಿಡಿದು ಮೂಕನಂತೆ ನಿಂತಿದ್ದ.

ಮೂವತ್ತೆಂಟೇ ಸಾಕಾದವು, ಸೀಟು ಸಿಕ್ಕಿತು. ಗುರುಗಳ ಪತ್ರದಲ್ಲಿ ಮಾತ್ರ 'ಬುದ್ಧಿ ಚುರುಕು, ಕೈ ಅಜಾಗರೂಕ' ಎಂದಿದೆ. ಆ ಕೈ ಅವಳದಲ್ಲ, ಅವಳ ಮಾವನದು. ಅಂದೇ ಬಾಗಿಲಲ್ಲಿ ನಿಂತು ಹೇಳಬೇಕಿದ್ದ ಈ ಮಾತು ಅವನ ಮೇಲಿರುವ ಅವಳ ಋಣ.