ನೀಲಿ ಹೆಚ್ಚಾದ ಮಣಿಪಾಲ

ನಾನು ನಿವೃತ್ತನಾದ ವರ್ಷ, ದುಬೈಯಲ್ಲಿರುವ ಹೆಂಡತಿಯ ತಮ್ಮ ರಜೆಯಲ್ಲಿ ಬಂದಾಗ ನನಗೊಂದು ಕ್ಯಾಮೆರಾ ತಂದುಕೊಟ್ಟ. ಎಲ್ಲರೂ ಹಕ್ಕಿಗಳ ಫೋಟೋ ತೆಗೆಯಲು ಹೇಳಿದರು. ಕಾರ್ಕಳದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಹಿಡಿಸಿದ್ದು ಮಾತ್ರ ಕಟ್ಟಡಗಳು. ಅವು ನಾನು ಟ್ರೈಪಾಡ್ ನಿಲ್ಲಿಸುವವರೆಗೂ ಅಲ್ಲೇ ಇರುತ್ತವೆ.

ನಮ್ಮ ಮನೆ ಕಾಪುವಿನಲ್ಲಿ. ಹೆಂಡತಿಯ ಅಕ್ಕ ಇರುವುದು ಉಡುಪಿಯ ಕುಂಜಿಬೆಟ್ಟಿನ ಒಂದು ಫ್ಲ್ಯಾಟಿನಲ್ಲಿ. ಆ ಕಟ್ಟಡದ ತಾರಸಿಯಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಮಣಿಪಾಲದ ಗುಡ್ಡ, ಅದರ ಮೇಲೆ ಒಂದರ ಹಿಂದೊಂದು ಎದ್ದ ಎತ್ತರದ ಕಟ್ಟಡಗಳು. ಸಂಜೆಯ ಬಿಸಿಲು ನೇರವಾಗಿ ಅವುಗಳ ಮುಖಕ್ಕೇ ಬೀಳುತ್ತದೆ. ತಿಂಗಳಿಗೆರಡು ಸಲ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆವು. ನಾನು ಮೇಲೆ ಫೋಟೋ ತೆಗೆಯುವಷ್ಟು ಹೊತ್ತು ಅಕ್ಕತಂಗಿಯರು ಕೆಳಗೆ ಮಾತಾಡುತ್ತಿದ್ದರು. ಮನೆಗೆ ಬಂದ ಮೇಲೆ ಎರಡು ಮೂರು ದಿನ ನನಗೆ ಲ್ಯಾಪ್‌ಟಾಪೇ ಪ್ರಪಂಚ. ಓರೆಯಾದ ಗೋಡೆಯನ್ನು ನೇರ ಮಾಡುವುದು, ಅಡ್ಡ ಬಂದ ತಂತಿಯನ್ನು ಅಳಿಸುವುದು, ಕೊನೆಗೆ ಬಣ್ಣ ಸರಿಪಡಿಸುವುದು.

ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಯಾವ ಬಟ್ಟೆ ಬಂದರೂ ಅದಕ್ಕೊಪ್ಪುವ ನೂಲನ್ನು ಡಬ್ಬಿಯಿಂದ ಒಂದೇ ಸಲಕ್ಕೆ ಎತ್ತುವವಳು. ಒಂದು ದಿನ ನನ್ನ ಹಿಂದೆ ನಿಂತು ನೋಡಿ ಹೇಳಿದಳು:

"ಆಕಾಶ ಸ್ವಲ್ಪ ನೀಲಿ ಹೆಚ್ಚಾಯ್ತು ಅಲ್ವಾ?"

"ನಿನಗೆ ಎಂತ ಗೊತ್ತು? ಹಾಗೇ ಬಿಟ್ಟರೆ ಎಲ್ಲ ಹಳದಿ ಹಳದಿ ಕಾಣ್ತದೆ," ಎಂದೆ. ಕ್ಲಾಸಿನಲ್ಲಿ ತಪ್ಪು ಲೆಕ್ಕ ಮಾಡಿದವರಿಗೆ ಹೇಳುತ್ತಿದ್ದ ಅದೇ ಧ್ವನಿ. ಅವಳು ಹೊಲಿಗೆ ಮೆಷಿನ್ನಿಗೆ ಮರಳಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಕಳೆದ ವರ್ಷ ಒಮ್ಮೆ ನಾನು ಉಡುಪಿಗೆ ಹೊರಟಾಗ ಅವಳು ಕಡುನೀಲಿ ಬಟ್ಟೆಯ ಒಂದು ತುಂಡು ಕೊಟ್ಟು, ಇದಕ್ಕೆ ಸರಿಯಾದ ನೂಲು ತನ್ನಿ ಎಂದಳು. ನಾನು ಅಂಗಡಿಯಲ್ಲಿ ನಾಲ್ಕಾರು ರೀಲುಗಳನ್ನು ಬಟ್ಟೆಗೆ ಹಿಡಿದು, ಅಂಗಡಿಯವರ ಮಾತಿಗೂ ಕಾಯದೆ ಒಂದನ್ನು ಆರಿಸಿ ತಂದೆ. ಅವಳು ಅದನ್ನು ಕಿಟಕಿಯ ಬಳಿ ಹಿಡಿದು ನೋಡಿದಳು.

"ಇದು ಕಪ್ಪು ಮಾರಾಯ್ರೆ."

"ನೀಲಿಯೇ. ಸರಿಯಾಗಿ ನೋಡು."

ಅವಳು ನಗಲಿಲ್ಲ. ಡಬ್ಬಿಯಿಂದ ಬೇರೆ ನೀಲಿಯ ಒಂದು ರೀಲು ತೆಗೆದು ಅದರ ಪಕ್ಕದಲ್ಲಿಟ್ಟು, "ಇದು?" ಎಂದಳು. ಎರಡೂ ಒಂದೇ ಎಂದೆ. ಮರುದಿನವೇ ನನ್ನನ್ನು ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು.

"ಎರಡು ಕಣ್ಣಿಗೂ ಪೊರೆ ಬಂದಿದೆ ಸರ್," ಎಂದರು ಡಾಕ್ಟರು. "ಹಳದಿ ಗಾಜಿನ ಹಿಂದೆ ಕೂತು ನೋಡಿದ ಹಾಗೆ. ನಿಧಾನಕ್ಕೆ ಬರುವುದರಿಂದ ಗೊತ್ತಾಗುವುದಿಲ್ಲ."

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಡಾಕ್ಟರರು ಅನುಮತಿ ಕೊಟ್ಟ ದಿನ ಲ್ಯಾಪ್‌ಟಾಪ್ ತೆರೆದೆ. ನನ್ನ ಮಣಿಪಾಲವನ್ನು ಯಾರೋ ನೀಲಿ ಹೆಚ್ಚು ಹಾಕಿದ ಬಕೆಟ್ಟಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರೆ ಎಲ್ಲ ಸರಿ, ಚಂದ. ಎಡಗಣ್ಣು ಮುಚ್ಚಿದರೆ ಬಿಳಿ ಕಟ್ಟಡಗಳೆಲ್ಲ ನೀಲಿ. ಹೊಸ ಫೋಟೋಗಳಿಂದ ಹಳೆಯವುಗಳತ್ತ ಹೋದಷ್ಟೂ ನೀಲಿ ಕಡಿಮೆಯಾಗುತ್ತಿತ್ತು. ನನ್ನ ಪೊರೆ ಬೆಳೆದದ್ದು ಒಂದೊಂದು ಫೋಟೋದಲ್ಲೂ ಇತ್ತು.

ಹೆಂಡತಿಯನ್ನು ಕರೆದೆ. "ಇದೆಲ್ಲ ಹೀಗೇ ಇತ್ತಾ?"

"ಹೀಗೇ ಇತ್ತು."

"ಮತ್ತೆ ನೀನು ಯಾಕೆ ಹೇಳಲಿಲ್ಲ?"

"ಒಮ್ಮೆ ಹೇಳಿದೆ, ನೀವು ಜೋರು ಮಾಡಿದಿರಿ. ಮತ್ತೆ ಹೇಳಬೇಕಂತ ಕಂಡಿತ್ತು. ಆದರೆ ನೀವು ಅಷ್ಟು ಖುಷಿಯಲ್ಲಿ ಕೂತು ಮಾಡುವಾಗ ಎಂತ ಹೇಳುವುದು?"

ಹೊಸ ಕಣ್ಣಿನಿಂದ ಅವಳನ್ನು ನೋಡಿದೆ. ಕಿವಿಯ ಹಿಂದಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದು ಕೂಡ ನನಗೆ ಅಂದೇ ಕಂಡದ್ದು.

ಅವಳ ಅಕ್ಕನಿಗೆ ಅಂಥದ್ದೇ ಒಂದು ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಕೊಟ್ಟಿದ್ದೆ. ನಾಚಿಕೆಯಾಗಿ ಅದರ ಬಣ್ಣ ತಿದ್ದಿ, ಹೊಸ ಪ್ರಿಂಟ್ ತೆಗೆದುಕೊಂಡು ಹೆಂಡತಿಯ ಜೊತೆ ಕುಂಜಿಬೆಟ್ಟಿಗೆ ಹೋದೆ. ಅವರು ಹೊಸದನ್ನು ನೋಡಿ, "ಚಂದ ಉಂಟು" ಎಂದರು. ಗೋಡೆಯ ಹಳೆಯದಕ್ಕೆ ಕೈ ಹಾಕಿದಾಗ ಮಾತ್ರ ತಡೆದರು.

"ಅದನ್ನು ತೆಗೆಯಬೇಡಿ. ಅದಕ್ಕೆ ಮ್ಯಾಚ್ ಆಗ್ಲಿ ಅಂತ ಹುಡುಕಿ ಹುಡುಕಿ ಪರದೆ ತಂದದ್ದು ನಾವು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹೊಸದು ಅವರ ಊಟದ ಮೇಜಿನ ಮೇಲಿನ ಗೋಡೆಗೆ ಹೋಯಿತು.

ಎರಡು ತಿಂಗಳ ನಂತರ ಎಡಗಣ್ಣಿನ ಆಪರೇಷನ್ನೂ ಮುಗಿಯಿತು. ಈಗ ಬಣ್ಣ ಸರಿಪಡಿಸುವ ಹೊತ್ತಿಗೆ ಅವಳು ಕುರ್ಚಿ ಎಳೆದು ಪಕ್ಕದಲ್ಲಿ ಕೂರುತ್ತಾಳೆ. ಕಣ್ಣು ಸರಿಯಾಗಿದೆ, ಇನ್ನು ಅವಳ ಸಹಾಯ ಬೇಕಾಗಿಲ್ಲ. ಅದನ್ನು ಅವಳಿಗೆ ನಾನು ಹೇಳಿಲ್ಲ. ಮೊನ್ನೆ ಸೂರ್ಯ ಮುಳುಗಿದ ಕೂಡಲೇ ತೆಗೆದ ಒಂದು ಫೋಟೋ ಇತ್ತು. ಅಲ್ಲಲ್ಲಿ ಕಿಟಕಿಗಳಲ್ಲಿ ದೀಪ ಹತ್ತಿ, ಆಕಾಶದಲ್ಲಿ ಇನ್ನೂ ಬೆಳಕಿತ್ತು. ನಾನು ಬಣ್ಣವನ್ನು ಒಂದು ಚೂರು ಆಚೆ, ಒಂದು ಚೂರು ಈಚೆ ಸರಿಸುತ್ತಾ ಕೂತಿದ್ದೆ.

"ಅಲ್ಲೇ ನಿಲ್ಲಿಸಿ," ಎಂದಳು. "ಅವತ್ತು ತಾರಸಿಯಲ್ಲಿ ಹೀಗೇ ಇತ್ತು."

ಅವಳಿಗೆ ಹೇಗೆ ಗೊತ್ತು ಎಂದು ಆಶ್ಚರ್ಯವಾಯಿತು. ಆ ಸಂಜೆ ಅಕ್ಕನ ಜೊತೆ ಮಾತು ಬಿಟ್ಟು, ನನಗೆ ತಿಳಿಯದ ಹಾಗೆ ಮೇಲೆ ಬಂದು ನನ್ನ ಹಿಂದೆ ನಿಂತಿದ್ದಳಂತೆ.